ಸಾಲಿಡ್ ಸ್ಟೇಟ್ ಬ್ಯಾಟರಿ: ಕ್ಯಾಥೋಡ್ ಸುಡುವುದು ಹೇಗೆ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಮ್ಮ ಲ್ಯಾಬಿನಲ್ಲಿ ಆ ದೊಣ್ಣೆಯ ಹೆಸರು ಫರ್ನೇಸ್, ಅಂದರೆ ಕುಲುಮೆ. ಮೂರು ವಾರ ಪುಡಿ ಅರೆದು, ಬಿಲ್ಲೆ ಒತ್ತಿ, ಒಂದೇ ರಾತ್ರಿಯಲ್ಲಿ ತಪ್ಪು ಬಿಸಿ ಕೊಟ್ಟು ಎಲ್ಲ ಹಾಳು ಮಾಡಿಕೊಂಡ ಹುಡುಗರನ್ನು ಸಾಕಷ್ಟು ನೋಡಿದ್ದೇನೆ. ಹಾಗಾಗಿ ಪ್ರಾಜೆಕ್ಟ್ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಕೋಬಾಲ್ಟ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಡಬ್ಬಿ ತೆಗೆಯಬೇಡಿ.

ಮಾಮೂಲಿ ಬ್ಯಾಟರಿಯಲ್ಲಿ ಎಲೆಕ್ಟ್ರೊಲೈಟ್, ಅಂದರೆ ಲಿಥಿಯಂ ದಾಟಿಹೋಗುವ ವಸ್ತು, ದ್ರವ; ಅದು ಎಲ್ಲ ಸಂದುಗಳಿಗೂ ಇಳಿಯುತ್ತದೆ. ಸಾಲಿಡ್ ಸ್ಟೇಟ್ ಬ್ಯಾಟರಿಯಲ್ಲಿ ಕ್ಯಾಥೋಡ್ (ಬ್ಯಾಟರಿಯ ಧನ ತುದಿ), ಎಲೆಕ್ಟ್ರೊಲೈಟ್ ಎರಡೂ ಕಲ್ಲಿನಂಥ ಪುಡಿ. ಒಂದಕ್ಕೊಂದು ತಾಕಿದ ಕಡೆ ಮಾತ್ರ ಲಿಥಿಯಂ ದಾಟುತ್ತದೆ. ತಾಕಿಸಲು ಬಿಸಿ ಬೇಕು. ಆದರೆ ಅದೇ ಬಿಸಿಯಲ್ಲಿ ಅವೆರಡೂ ಒಂದನ್ನೊಂದು ಕೆಡಿಸಲು ಶುರುಮಾಡುತ್ತವೆ. ಇರುವ ಪಜೀತಿ ಇಷ್ಟೇ.

ಮೊದಲು ಸಾಮಾನು. ಎಲೆಕ್ಟ್ರೊಲೈಟ್‌ಗೆ ಎಲ್‌ಎಲ್‌ಝಡ್‌ಒ ಎಂಬ ಗಾರ್ನೆಟ್ (ಗಾರ್ನೆಟ್ ಹರಳಿನಂಥ ರಚನೆಯ ವಸ್ತು) ತೆಗೆದುಕೊಳ್ಳಿ. ಲಿಥಿಯಂ, ಲ್ಯಾಂಥನಂ, ಜಿರ್ಕೋನಿಯಂ ಸೇರಿದ ಆಕ್ಸೈಡ್ ಇದು. 2007ರಲ್ಲಿ ಇದನ್ನು ಮುಂದಿಟ್ಟ ಮೂವರು ಮುರುಗನ್, ತಂಗದುರೈ ಮತ್ತು ವೆಪ್ನರ್. ತಂಗದುರೈ ಪಿಎಚ್‌ಡಿ ಮಾಡಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ. ಅಲ್ಯೂಮಿನಿಯಂ ಬೆರೆಸಿದ್ದು ಅಗ್ಗ, ಆದರೆ ನಾನು ಟ್ಯಾಂಟಲಂ ಬೆರೆಸಿದ್ದನ್ನೇ ಕೊಳ್ಳಿ ಅಂತೀನಿ. ಕಾರಣ ಆಮೇಲೆ ಹೇಳುತ್ತೇನೆ.

ಕ್ಯಾಥೋಡ್‌ಗೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಅದನ್ನು ನೀವೇ ತಯಾರಿಸುವುದಾದರೆ 400 ಡಿಗ್ರಿಗೆ ನಿಲ್ಲಿಸಬೇಡಿ. ಅಲ್ಲಿ ಸಿಗುವುದು ಬೇರೆಯೇ ರಚನೆ, ಬ್ಯಾಟರಿಗೆ ಅಷ್ಟು ಒಗ್ಗುವುದಿಲ್ಲ. ಲಿಥಿಯಂ ಸಲೀಸಾಗಿ ಓಡಾಡುವ ಪದರ ಪದರದ ರಚನೆ ಬೇಕಾದರೆ 800–900 ಡಿಗ್ರಿಗೆ ಹೋಗಬೇಕು.

ಬಿಲ್ಲೆ. ಗಾರ್ನೆಟ್ ಬಿಲ್ಲೆಯನ್ನು ಮೊದಲು ಒಂದನ್ನೇ 1100 ಡಿಗ್ರಿ ದಾಟಿಸಿ ಸುಟ್ಟು ಗಟ್ಟಿ ಮಾಡಿಕೊಳ್ಳಿ. ಬಿಸಿಗೆ ಲಿಥಿಯಂ ಹಾರಿಹೋಗುತ್ತದೆ, ಆದ್ದರಿಂದ ಬಿಲ್ಲೆಯನ್ನು ಅದೇ ಪುಡಿಯೊಳಗೆ ಹೂತಿಡಿ. ಮೆಗ್ನೀಷಿಯಾ ಕ್ರೂಸಿಬಲ್ (ಸುಡಲು ಇಡುವ ಪಾತ್ರೆ) ಬಳಸಿ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ತಂದ ಅಲ್ಯೂಮಿನಾ ಕ್ರೂಸಿಬಲ್ ನನ್ನ ಲಿಥಿಯಂ ಕುಡಿದು, ಬಿಲ್ಲೆಯನ್ನೂ ತಳಕ್ಕೆ ಅಂಟಿಸಿಕೊಂಡು ಕೂತಿತ್ತು.

ಪೇಸ್ಟ್. ಲಿಥಿಯಂ ಕೋಬಾಲ್ಟ್ ಆಕ್ಸೈಡ್, ಗಾರ್ನೆಟ್ ಪುಡಿ, ಸ್ವಲ್ಪ ಲಿಥಿಯಂ ಬೋರೇಟ್, ಅಂಟಿಗೆ ಈಥೈಲ್ ಸೆಲ್ಯುಲೋಸ್ ಕಲಸಿ ಬಿಲ್ಲೆಯ ಮೇಲೆ ಬಳಿಯಿರಿ, ಒಣಗಿಸಿ.

ಈಗ ಬೆಂಕಿ. ಎಲ್ಲರೂ ಎಡವುವುದು ಇಲ್ಲೇ.

400 ಡಿಗ್ರಿವರೆಗೆ ನಿಮಿಷಕ್ಕೆ ಎರಡು ಡಿಗ್ರಿಗಿಂತ ವೇಗ ಬೇಡ. ಸೆಲ್ಯುಲೋಸ್ ಉರಿದು ಹೊಗೆಯಾಗಿ ಹೊರಡುವ ಹೊತ್ತು ಅದು. ಅವಸರ ಮಾಡಿದರೆ ಪದರ ಹಪ್ಪಳದಂತೆ ಉಬ್ಬಿ ಏಳುತ್ತದೆ. ಗಾಳಿ ಅಥವಾ ಆಕ್ಸಿಜನ್ ಹರಿಯುತ್ತಿರಲಿ. "ಆರ್ಗಾನ್ ಸೇಫ್ ಅಲ್ವಾ ಸರ್?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅಲ್ಲ. ಆರ್ಗಾನ್‌ನಲ್ಲಿ ಸೆಲ್ಯುಲೋಸಿನ ಇಂಗಾಲ ಉರಿಯದೆ ಉಳಿದು, ಮೇಲೆ ಹೋದಂತೆ ಕ್ಯಾಥೋಡಿನ ಆಕ್ಸಿಜನ್ ಕಿತ್ತುಕೊಳ್ಳುತ್ತದೆ.

ಅಲ್ಲಿಂದ ಸುಮಾರು 700 ಡಿಗ್ರಿಗೆ. ಈ ಆಸುಪಾಸಿನಲ್ಲಿ ಬೋರೇಟ್ ಕರಗುತ್ತದೆ. ಕಡಲೆಬೀಜದ ಚಿಕ್ಕಿಗೆ ಬೆಲ್ಲದ ಪಾಕ ಮಾಡಿದ ಕೆಲಸವನ್ನೇ ಇಲ್ಲಿ ಅದು ಮಾಡುತ್ತದೆ. ಕಾಳುಗಳ ನಡುವೆ ಹರಿದು ಎಲ್ಲವನ್ನೂ ಹಿಡಿದಿಡುತ್ತದೆ, ಲಿಥಿಯಂಗೂ ದಾರಿ ಬಿಡುತ್ತದೆ. ಪಾಕ ಬಂದ ಮೇಲೂ ಒಲೆಯ ಮೇಲೆ ಬಿಟ್ಟರೆ ಏನಾಗುತ್ತದೆ, ಗೊತ್ತಲ್ಲ. ಒಂದು ಗಂಟೆ ಸಾಕು. "ಇನ್ನೂ ಗಟ್ಟಿಯಾಗಲಿ" ಎಂದು ರಾತ್ರಿಯಿಡೀ ಬಿಟ್ಟರೆ ಕೋಬಾಲ್ಟ್ ಗಾರ್ನೆಟ್‌ನೊಳಕ್ಕೆ ನುಗ್ಗುತ್ತದೆ. ಅಲ್ಯೂಮಿನಿಯಂ ಬೆರೆಸಿದ ಗಾರ್ನೆಟ್ ಆಗಿದ್ದರೆ ಅದರ ಅಲ್ಯೂಮಿನಿಯಂ ಕ್ಯಾಥೋಡ್ ಕಡೆ ವಲಸೆ ಹೋಗುತ್ತದೆ. ಅದು ಹೋದ ಜಾಗದಲ್ಲಿ ಗಾರ್ನೆಟ್ ತನ್ನ ಘನಾಕೃತಿಯ ರಚನೆ ಬಿಟ್ಟು ಇನ್ನೊಂದಕ್ಕೆ ತಿರುಗುತ್ತದೆ. ಅದರಲ್ಲಿ ಲಿಥಿಯಂ ಓಡಾಟ ಸುಮಾರು ನೂರು ಪಟ್ಟು ನಿಧಾನ. ಟ್ಯಾಂಟಲಂ ಅಂದದ್ದು ಇದಕ್ಕೇ.

ಹೀಗೆ ಬೆರೆತು ಕೆಟ್ಟ ಪದರ ಕಣ್ಣಿಗೆ ಕಾಣುವಷ್ಟು ದಪ್ಪ ಇರಬೇಕಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಥೋಡ್ ಮತ್ತು ಗಾರ್ನೆಟ್ ನಡುವೆ ಸುಮಾರು 50 ನ್ಯಾನೋಮೀಟರ್ ದಪ್ಪದ ಪದರ ಕಂಡಿತ್ತು. ಅದರಲ್ಲಿ ಲ್ಯಾಂಥನಂ, ಕೋಬಾಲ್ಟ್ ಸೇರಿದ ಆಕ್ಸೈಡ್ ಇತ್ತು.

ಇನ್ನೊಂದು ಮಾತು. ಫರ್ನೇಸಿನ ಡಿಸ್‌ಪ್ಲೇ ನಂಬಬೇಡಿ. ಅದು ತೋರಿಸುವುದು ತನ್ನ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇರುವ ಮೂಲೆಯ ಬಿಸಿ. ಬಿಲ್ಲೆ ಇಡುವ ಜಾಗದಲ್ಲಿ ನಿಮ್ಮದೇ ಒಂದು ಥರ್ಮೋಕಪಲ್ ಇಟ್ಟು, ಖಾಲಿ ಫರ್ನೇಸ್ ಒಮ್ಮೆ ಓಡಿಸಿ ನೋಡಿ.

ಆರಿಸುವುದು. ನಿಧಾನಕ್ಕೆ. ಕುತೂಹಲಕ್ಕೆ ಬಾಗಿಲು ತೆಗೆದರೆ ಬಿಲ್ಲೆ ಬಿರುಕು ಬಿಡುತ್ತದೆ. ತಣ್ಣಗಾದ ಕೂಡಲೇ ಹೊರಗಿನ ಗಾಳಿ, ತೇವ ಸೇರದ ಗ್ಲೋವ್ ಬಾಕ್ಸ್‌ಗೆ ಹಾಕಿ. ಮಳೆಗಾಲದಲ್ಲಂತೂ ಟೇಬಲ್ ಮೇಲೆ ಸುಮ್ನೆ ಬಿಡಬೇಡಿ. ಗಾರ್ನೆಟ್ ತೇವ, ಕಾರ್ಬನ್ ಡೈಆಕ್ಸೈಡ್ ಹೀರಿ ಮೈಮೇಲೆ ಲಿಥಿಯಂ ಕಾರ್ಬೊನೇಟ್ ಬೆಳೆಸಿಕೊಳ್ಳುತ್ತದೆ. ಅದು ಲಿಥಿಯಂಗೆ ಅಡ್ಡಗೋಡೆ.

ಪರೀಕ್ಷೆ. ಸೆಲ್ ಕಟ್ಟುವ ಮೊದಲು ರಾಮನ್ ಸ್ಪೆಕ್ಟ್ರಮ್ (ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತು ಯಾವುದೆಂದು ತಿಳಿಸುವ ಗ್ರಾಫ್) ತೆಗೆಯಿರಿ. ಅದರಲ್ಲಿ 485 ಮತ್ತು 595 cm⁻¹ ಹತ್ತಿರ ಎರಡು ಶಿಖರ ಕಂಡರೆ ಕ್ಯಾಥೋಡ್ ನೆಟ್ಟಗಿದೆ. 690ರ ಹತ್ತಿರ ಮೂರನೆಯದು ಎದ್ದಿದ್ದರೆ ಲಿಥಿಯಂ ಕಳೆದುಕೊಂಡು ಕೋಬಾಲ್ಟ್ ಆಕ್ಸೈಡ್ ಮಾತ್ರ ಉಳಿದ ಜಾಗ ಇದೆ ಅಂತ ಅರ್ಥ. ಅಂಥ ಬಿಲ್ಲೆಗೆ ಇನ್ನೊಂದು ಸಲ ಬಿಸಿ ಕೊಟ್ಟು ಸರಿಮಾಡಲು ಹೋಗಬೇಡಿ. ಪಕ್ಕಕ್ಕಿಟ್ಟು ಹೊಸ ಪೇಸ್ಟ್ ಕಲಸಿ.