ಗಾಳಿ ಎತ್ತಲಿಂದ? ಗಿಡ್ಡ ಹಸುವೇ ಹೇಳಲಿ

ಕಂಬದ ತುದಿಯಲ್ಲಿ ತಗಡಿನ ಪ್ರಾಣಿಯೊಂದು ನಿಂತಿರುತ್ತದೆ. ಗಾಳಿ ಬೀಸಿದರೆ ತಿರುಗಿ, ಗಾಳಿ ಬರುವ ಕಡೆಗೇ ಮುಖ ಮಾಡುತ್ತದೆ. ಇದು ಗಾಳಿಸೂಚಿ. ಯುರೋಪಿನ ಚರ್ಚುಗಳ ಮೇಲೆ ಸಾವಿರ ವರ್ಷಕ್ಕೂ ಹಿಂದಿನಿಂದ ಹುಂಜ ನಿಂತಿದೆ. ಅಮೆರಿಕದ ಬಾಸ್ಟನ್ನಿನ ಫ್ಯಾನ್ಯುಯಿಲ್ ಹಾಲ್ ಮೇಲೆ 1742ರಲ್ಲಿ ಮಾಡಿದ ತಾಮ್ರದ ಮಿಡತೆ ಇದೆ. ಅಲ್ಲಿನ ರೈತರ ಕೊಟ್ಟಿಗೆಗಳ ಮೇಲೆ ಹಸು, ಕುದುರೆ, ಹಂದಿ. ಅವರವರ ಊರಿಗೆ ಅವು ಚೆಂದ. ತೀರ್ಥಹಳ್ಳಿ, ಹೊಸನಗರ, ಸಾಗರದ ಅಂಗಳಕ್ಕೆ ನಮ್ಮ ಕುಳ್ಳು ಹಸುವಿನ ತಳಿ ಮಲೆನಾಡು ಗಿಡ್ಡವೇ ಸರಿ, ಅಲ್ವಾ?

ಬರೀ ಅಂದಕ್ಕೆ ಅಂತಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ಗಾಳಿಯ ದಿಕ್ಕು ಗೊತ್ತಿದ್ದರೆ ದ್ರಾವಣ ಮುಖಕ್ಕೆ ಬೀಳದ ಹಾಗೆ ನಿಲ್ಲಬಹುದು. ಅಡಿಕೆ ಬೇಯಿಸುವ ಒಲೆ ಎಲ್ಲಿ ಹೂಡಿದರೆ ಹೊಗೆ ಮನೆಯೊಳಗೆ ನುಗ್ಗುವುದಿಲ್ಲ ಎನ್ನುವುದೂ ತಿಳಿಯುತ್ತದೆ.

ಮೊದಲು ರಟ್ಟಿನಲ್ಲಿ

ಗಾಳಿಸೂಚಿ ಮಾಡುವ ಇಡೀ ಕೆಲಸದ ಗುಟ್ಟು ಇಷ್ಟೇ: ತಿರುಗುವ ಬಿಂದುವಿನ ಹಿಂದೆ ಅಗಲ ಜಾಸ್ತಿ ಇರಬೇಕು, ಆದರೆ ತೂಕ ಎರಡೂ ಕಡೆ ತೂಗಬೇಕು. ಹಿಂದಿನ ಅಗಲವನ್ನು ಗಾಳಿ ತಳ್ಳುತ್ತದೆ, ಅದರಿಂದ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ. ತೂಕ ಒಂದೇ ಕಡೆಗಿದ್ದರೆ ಹಸುವನ್ನು ಹೊತ್ತು ತಿರುಗುವ ಕೊಳವೆ ವಾಲಿ, ಒಳಗಿನ ಕಂಬದ ಸರಳಿಗೆ ಉಜ್ಜಿ ಸಿಕ್ಕಿಕೊಳ್ಳುತ್ತದೆ.

ಹುಂಜ, ನವಿಲಿಗೆ ಬಾಲವೇ ದೊಡ್ಡದು. ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಹಸು ಹಾಗಲ್ಲ. ಮುಂದೂ ಹಿಂದೂ ಹೆಚ್ಚುಕಮ್ಮಿ ಒಂದೇ ಅಗಲ. ಹೊಟ್ಟೆಯ ನಡುವೆ ಸರಳು ಕೊಟ್ಟರೆ ಗಾಳಿಗೆ ಯಾವ ಕಡೆ ತಳ್ಳಬೇಕೆಂದೇ ತಿಳಿಯುವುದಿಲ್ಲ, ಹಸು ಅಡ್ಡಡ್ಡ ನಿಂತುಬಿಡುತ್ತದೆ. ಆದ್ದರಿಂದ ಒಂದು ಅಡ್ಡ ಸರಳಿನ ಮೇಲೆ ಹಸುವನ್ನು ನಿಲ್ಲಿಸಿ, ಮುಂಗಾಲಿನ ಹತ್ತಿರವೇ ತಿರುಗುವ ಬಿಂದು ಬರುವಂತೆ ನೋಡಿಕೊಳ್ಳಿ. ಅಡ್ಡ ಸರಳಿನ ಮುಂತುದಿಗೆ ಚಿಕ್ಕದಾದರೂ ಭಾರವಾದ ಬಾಣ.

45 ಸೆಂ.ಮೀ. ಉದ್ದದ ಹಸುವನ್ನು ರಟ್ಟಿನಲ್ಲಿ ಕತ್ತರಿಸಿ, ಕಡ್ಡಿಗೆ ಸಿಕ್ಕಿಸಿ, ಟೇಬಲ್ ಫ್ಯಾನಿನ ಎದುರು ಹಿಡಿದು ನೋಡಿ. ತಡವರಿಸಿದರೆ ಬಿಂದುವನ್ನು ಇನ್ನಷ್ಟು ಮುಂದಕ್ಕೆ ತನ್ನಿ. ರಟ್ಟಿನಲ್ಲಿ ತಿರುಗದ್ದು ತಗಡಿನಲ್ಲೂ ತಿರುಗುವುದಿಲ್ಲ.

ಚಿತ್ರ ಬರೆಯುವಾಗ ಗಿಡ್ಡದ ಗುರುತು ಕಾಣಲಿ. ಕುಳ್ಳು ಕಾಲು, ಅಚ್ಚುಕಟ್ಟಾದ ಮೈ, ಪುಟ್ಟ ಕೊಂಬು. ದೂರದಿಂದ ಕಾಣುವುದು ನೆರಳಿನ ಆಕಾರ ಮಾತ್ರ, ಕಣ್ಣು ಮೂಗು ಬರೆದು ಪ್ರಯೋಜನವಿಲ್ಲ. ಕೊಂಬು, ಕಿವಿ, ಬಾಲ ಒಂದೂವರೆ ಸೆಂ.ಮೀ.ಗಿಂತ ಸಪೂರ ಬೇಡ, ಗಾಳಿಗೆ ಅದುರಿ ಅದುರಿ ಮುರಿಯುತ್ತವೆ. ಬಾಲವನ್ನು ಹಿಂಗಾಲಿಗೆ ಅಂಟಿಕೊಂಡಂತೆ ಬಿಡಿಸಿದರೆ ಗಟ್ಟಿ. ಕೆಚ್ಚಲು ಬಿಡಬೇಡಿ, ಹಸುವಿನ ಕಳೆ ಅಲ್ಲೇ ಇರುವುದು.

ತಗಡು, ಸರಳು, ಕೊಳವೆ

1 ಮಿ.ಮೀ. ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡು ಸಾಕು. ನೇರ ಗೆರೆಗಳನ್ನು ತಗಡು ಕತ್ತರಿಯಲ್ಲೇ ಕತ್ತರಿಸಬಹುದು. ಬಳುಕುವ ಗೆರೆಗಳಿಗೆ ಜಿಗ್‌ಸಾ (ಕರೆಂಟಿನ ಸಣ್ಣ ಗರಗಸ) ಬೇಕು, ಇಲ್ಲದಿದ್ದರೆ ವೆಲ್ಡಿಂಗ್ ಶಾಪಿನವರಿಗೆ ರಟ್ಟಿನ ಅಚ್ಚು ಕೊಡಿ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ. ಕೈಗೆ ಗ್ಲೌಸ್ ಇರಲೇಬೇಕು.

ಅಡ್ಡಕ್ಕೆ 8 ಮಿ.ಮೀ. ಸರಳು. ಬಾಣಕ್ಕೆ 6 ಮಿ.ಮೀ. ದಪ್ಪದ ಕಬ್ಬಿಣದ ತುಂಡು. ಈ ಅಳತೆಯ ಹಸುವಿಗೆ ಸುಮಾರು ಕಾಲು ಕೆಜಿ ಬೇಕಾಗುತ್ತದೆ. ಬೆರಳ ಮೇಲಿಟ್ಟು ತೂಗಿ ನೋಡಿ, ಬಿಂದುವಿನಲ್ಲಿ ಸಮ ನಿಲ್ಲುವವರೆಗೆ ಬಾಣವನ್ನು ಹಿಂದೆ ಮುಂದೆ ಸರಿಸಿ, ಆಮೇಲೆ ವೆಲ್ಡ್ ಮಾಡಿಸಿ.

ತಿರುಗುವ ಭಾಗಕ್ಕೆ ಬೇರಿಂಗ್ ಹಾಕಿಸೋಣ ಅನಿಸಬಹುದು. ನಮ್ಮ ಮಳೆಗೆ ಅದಕ್ಕಿಂತ ಸರಳವಾದದ್ದೇ ಬಾಳುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅರ್ಧ ಇಂಚಿನ ಜಿಐ ಪೈಪು 20 ಸೆಂ.ಮೀ. ತೆಗೆದುಕೊಳ್ಳಿ. ಮುಚ್ಚಳಕ್ಕೆ ದಪ್ಪ ಕಬ್ಬಿಣದ ಬಿಲ್ಲೆ, ಅದರ ಒಳಮೈಗೆ ಡ್ರಿಲ್ಲಿನಿಂದ ಒಂದು ಗುಳಿ. ಬಿಲ್ಲೆಯಿಂದ ಪೈಪಿನ ಮೇಲ್ತುದಿ ಮುಚ್ಚಿಸಿ. ಕಂಬದ ಮೇಲಿನ 12 ಮಿ.ಮೀ. ಸರಳಿನ ತುದಿಯನ್ನು ಮೊಂಡು ಪೆನ್ಸಿಲಿನ ಹಾಗೆ ಗ್ರೈಂಡ್ ಮಾಡಿಸಿ, ಗ್ರೀಸ್ ಹಚ್ಚಿ, ಪೈಪನ್ನು ಟೊಪ್ಪಿಯಂತೆ ಮೇಲಿನಿಂದ ಇಳಿಸಿ. ಭಾರವೆಲ್ಲ ಆ ಒಂದು ಮೊನೆಯ ಮೇಲೆ. ಬಾಯಿ ಕೆಳಗಿರುವುದರಿಂದ ಮಳೆ ನೀರು ಒಳಗೆ ನಿಲ್ಲುವುದಿಲ್ಲ. ಬಿಂದುವಿನ ಜಾಗದಲ್ಲಿ ಅಡ್ಡ ಸರಳನ್ನು ಈ ಪೈಪಿನ ಪಕ್ಕಕ್ಕೆ ವೆಲ್ಡ್ ಮಾಡಿಸಿದರೆ ಆಯಿತು.

ಒಂದು ಎಚ್ಚರಿಕೆ. ಜಿಐ ಮೇಲೆ ಸತುವಿನ ಲೇಪ ಇರುತ್ತದೆ. ಹಾಗೇ ವೆಲ್ಡ್ ಮಾಡಿದರೆ ಏಳುವ ಹೊಗೆಯಿಂದ ಚಳಿಜ್ವರ ಬರಬಹುದು. ಬೆಸೆಯುವ ಜಾಗದ ಲೇಪ ಮೊದಲು ಉಜ್ಜಿ ತೆಗೆಯಬೇಕು, ಕೆಲಸ ಬಯಲಿನಲ್ಲೇ ಆಗಬೇಕು. ಹಾಗೆ ಉಜ್ಜಿದ ಜಾಗಕ್ಕೇ ಮೊದಲು ತುಕ್ಕು ಹಿಡಿಯುವುದು. ಅಲ್ಲಿಗೆ ರೆಡ್ ಆಕ್ಸೈಡ್ ಎರಡು ಕೋಟು, ಮೇಲೆ ಎನಾಮೆಲ್. ಚೆಂದಕ್ಕೆಂದು ತಾಮ್ರದ ಬಿಲ್ಲೆಯನ್ನು ಕಬ್ಬಿಣಕ್ಕೆ ನೇರವಾಗಿ ಕೂರಿಸಬೇಡಿ. ಒದ್ದೆಯಲ್ಲಿ ಎರಡೂ ತಾಗಿಕೊಂಡಿದ್ದರೆ ಕಬ್ಬಿಣ ಬೇಗ ಕರಗುತ್ತದೆ.

ನಿಲ್ಲಿಸುವುದು

ಹಂಚಿನ ಮಾಡಿಗೆ ತೂತು ಕೊರೆಯುವುದು ಬೇಡವೇ ಬೇಡ, ಜೂನಿನಲ್ಲಿ ಸೋರುತ್ತದೆ. ಅಂಗಳದಲ್ಲೋ ಕಣದ ಅಂಚಿನಲ್ಲೋ ಬೇರೆ ಕಂಬ ಹೂಡಿ. ಹಲಸು, ಮಾವಿನ ಮರೆಯಲ್ಲಿ ಗಾಳಿ ಸುತ್ತು ಹೊಡೆಯುತ್ತದೆ, ಹಸುವೂ ಸುಮ್ನೆ ಗಿರಗಿರ ತಿರುಗುತ್ತದೆ. ಎಷ್ಟು ಬಯಲಿಗೆ ಬಂದರೆ ಅಷ್ಟು ಒಳ್ಳೆಯದು. ಕರೆಂಟ್ ತಂತಿಯಿಂದ ದೂರ ಇರಲಿ. ಕಂಬ ಉರುಳಿದರೂ ತಂತಿಗೆ ತಾಗಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮಗೆ ಗೊತ್ತೇ ಇದೆ. ಎತ್ತರದ ಕಬ್ಬಿಣದ ಕಂಬಕ್ಕೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಸರಿಯಾದ ಅರ್ಥಿಂಗ್ ಮಾಡಿಸಿ. ಮಿಂಚು ಶುರುವಾದರೆ ಅದರ ಹತ್ತಿರ ಹೋಗಬೇಡಿ.

ಹಸುವಿನ ಕೆಳಗೆ ಕಂಬಕ್ಕೆ ಅಲುಗದಂತೆ ನಾಲ್ಕು ತೋಳು, ತುದಿಗೆ ಉ, ಪೂ, ದ, ಪ ಅಕ್ಷರಗಳು. ಉತ್ತರ ಗುರುತಿಸಲು ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಕಬ್ಬಿಣದ ಪಕ್ಕ ಅದು ತಪ್ಪು ತೋರಿಸುತ್ತದೆ.

ಮೂತಿ ಪಶ್ಚಿಮಕ್ಕಿದ್ದರೆ ಪಡುವಣ ಗಾಳಿ. ಮುಂಗಾರಿನಲ್ಲಿ ಹಸು ಬಹುಪಾಲು ಪಶ್ಚಿಮ, ನೈಋತ್ಯವನ್ನೇ ನೋಡುತ್ತಿರುತ್ತದೆ. ಹಿಂಗಾರಿನ ಹೊತ್ತಿಗೆ ಈಶಾನ್ಯಕ್ಕೆ ಹೊರಳುತ್ತದೆ. ಕಣಿವೆಯ ಮನೆಗಳಲ್ಲಿ ಗುಡ್ಡ ಗಾಳಿಯನ್ನು ತಿರುಗಿಸುವುದರಿಂದ ನಿಮ್ಮ ಹಸು ಪಕ್ಕದೂರಿನದ್ದಕ್ಕಿಂತ ಬೇರೆ ದಿಕ್ಕು ತೋರಿಸಬಹುದು. ಅದು ತಪ್ಪಲ್ಲ, ನಿಮ್ಮ ಅಂಗಳದ ಗಾಳಿಯೇ ಹಾಗೆ.

ವರ್ಷಕ್ಕೊಮ್ಮೆ, ಮೇ ಮುಗಿಯುವುದರೊಳಗೆ, ಪೈಪು ಎತ್ತಿ ಹಳೆ ಗ್ರೀಸ್ ಒರೆಸಿ ಹೊಸತು ಹಚ್ಚಿ. ಕಿರ್ ಅನ್ನುವ ಸದ್ದು ನಡುವೆಯೇ ಬಂದರೆ ಅಷ್ಟು ದಿನ ಕಾಯಬೇಡಿ.