ಅಂಗಾಂಗ ದಾನ: ಮೊದಲ ಸಹಿ ನಿಮ್ಮದು, ಕೊನೆಯ ಸಹಿ ಮನೆಯವರದು

ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸುವುದು ಕಷ್ಟದ ಕೆಲಸವಲ್ಲ. ಹದಿನೆಂಟು ವರ್ಷ ತುಂಬಿದವರು ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯಾದ ‘ನೋಟೊ’ದ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಹಾಗೂ ಮೊಬೈಲ್‌ಗೆ ಬರುವ ಒಟಿಪಿಯನ್ನು ನಮೂದಿಸಿ, ಯಾವ ಅಂಗ, ಯಾವ ಅಂಗಾಂಶ ಎಂಬುದನ್ನು ಗುರುತಿಸಿದರೆ ಪ್ರಮಾಣಪತ್ರ ದೊರೆಯುತ್ತದೆ. ರಾಜ್ಯದಲ್ಲಿ ಈ ಕಾರ್ಯವನ್ನು ‘ಜೀವಸಾರ್ಥಕತೆ’ ಸಂಸ್ಥೆ ನಿರ್ವಹಿಸುತ್ತದೆ. ಲಿಖಿತ ಒಪ್ಪಿಗೆಯಾದರೆ, 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಇಬ್ಬರು ಸಾಕ್ಷಿಗಳಿರಬೇಕು. ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು.

ಮನೆಯವರಿಗೆ ತಿಳಿಸುವ ಎರಡನೆಯ ಹೆಜ್ಜೆಯನ್ನು ಹಲವರು ಬಿಟ್ಟುಬಿಡುತ್ತಾರೆ. ನೋಂದಣಿ ಇದ್ದರೂ ಆಸ್ಪತ್ರೆಯವರು ಮನೆಯವರ ಒಪ್ಪಿಗೆ ಕೇಳುತ್ತಾರೆ. ಅವರು ಬೇಡವೆಂದರೆ ದಾನ ನಡೆಯುವುದಿಲ್ಲ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಅಂಥ ಹೊತ್ತಿನಲ್ಲಿ ಹೆಂಡತಿ, ಮಕ್ಕಳಿಗಿಂತ ದೊಡ್ಡಪ್ಪ, ಕಾಕಾ, ಸೋದರಮಾವಂದಿರ ಮಾತೇ ನಡೆಯುವುದುಂಟು. ಆದ್ದರಿಂದ ಅವರ ಕಿವಿಗೂ ಈ ವಿಷಯವನ್ನು ಈಗಲೇ ಹಾಕಿಡಬೇಕು.

ಹೃದಯ, ಯಕೃತ್ತು, ಮೂತ್ರಪಿಂಡಗಳ ದಾನ ಸಾಮಾನ್ಯವಾಗಿ ಸಾಧ್ಯವಾಗುವುದು ತೀವ್ರ ನಿಗಾ ಘಟಕದಲ್ಲಿ ಮಿದುಳು ನಿಷ್ಕ್ರಿಯಗೊಂಡಾಗ. ವೆಂಟಿಲೇಟರ್ ನೆರವಿನಿಂದ ಎದೆಬಡಿತ ಮುಂದುವರಿದಿರುವುದರಿಂದ ಬಂಧುಗಳಿಗೆ ಇದು ಸಾವೆಂದು ನಂಬುವುದು ಕಷ್ಟ. ಹಾಗೆಂದೇ ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಾವನ್ನು ದೃಢಪಡಿಸುತ್ತದೆ. ಅಪಘಾತದ ಪ್ರಕರಣವಾದರೆ ಪೊಲೀಸರ ಕಾಗದಪತ್ರವೂ ಬೇಕು.

ಮನೆಯಲ್ಲಿ ತೀರಿಕೊಂಡವರ ಕಣ್ಣುಗಳನ್ನು ದಾನ ಮಾಡಬಹುದು, ಆದರೆ ಆರು ಗಂಟೆಗಳೊಳಗೆ. ಸೊಲ್ಲಾಪುರದಿಂದ ಮಗಳು, ಪುಣೆಯಿಂದ ಮಗ ಬರಲೆಂದು ಕಾಯುವ ನಮ್ಮಲ್ಲಿ ಈ ಗಡುವು ಗೊತ್ತಾಗದೆ ಮೀರಿಹೋಗುತ್ತದೆ. ನೇತ್ರ ಭಂಡಾರಕ್ಕೆ ಮೊದಲು ಫೋನ್ ಮಾಡಿ, ಬಂಧುಗಳಿಗಾಗಿ ಆಮೇಲೆ ಎಷ್ಟು ಹೊತ್ತಾದರೂ ಕಾಯಬಹುದು. ಸಿಬ್ಬಂದಿ ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ತಲೆಯ ಕೆಳಗೆ ದಿಂಬು ಕೊಡಬೇಕು. ಶರೀರವನ್ನು ಕುಳ್ಳಿರಿಸಿ ಭಜನೆ ನಡೆಸುವ ಮನೆಗಳಿಗೂ ತೊಂದರೆಯಿಲ್ಲ: ಕಣ್ಣು ತೆಗೆಯಲು ಅರ್ಧ ಗಂಟೆ ಸಾಕು, ಮುಖ ವಿಕಾರವಾಗುವುದಿಲ್ಲ, ಮುಂದಿನ ವಿಧಿಗಳಿಗೆ ಅಡ್ಡಿಯೂ ಇಲ್ಲ.

ಕನ್ನಡಕ ಹಾಕಿದವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆ ಇದ್ದವರು ಕೂಡ ಕಣ್ಣು ಕೊಡಬಹುದು. ರೇಬೀಸ್, ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ ಇದ್ದವರ ಕಣ್ಣುಗಳನ್ನು ಸ್ವೀಕರಿಸುವುದಿಲ್ಲ.

ನೋಂದಣಿಯ ಪ್ರಮಾಣಪತ್ರವನ್ನು ಕಪಾಟಿನಲ್ಲಿ ಭದ್ರವಾಗಿ ಬೀಗ ಹಾಕಿಡುವುದರಿಂದ ಪ್ರಯೋಜನವಿಲ್ಲ. ಹತ್ತಿರದ ನೇತ್ರ ಭಂಡಾರದ ಫೋನ್ ಸಂಖ್ಯೆಯನ್ನು, ಜತೆಗೆ ನೋಟೊದ ಉಚಿತ ಸಹಾಯವಾಣಿ 1800114770 ಅನ್ನು, ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ದೊಡ್ಡದಾಗಿ ಬರೆದು ಅಂಟಿಸಿ.