ಪುಸ್ತಕ ವಿಮರ್ಶೆ: ಪೆನ್ಸಿಲ್ ಹಿಡಿದು ಓದುವುದರಿಂದ ಶುರು

‘ಮನಸ್ಸಿಗೆ ತಟ್ಟುವ ಕೃತಿ’, ‘ಸರಳ ಸುಂದರ ಶೈಲಿ’, ‘ಎಲ್ಲರೂ ಓದಲೇಬೇಕು’. ಈ ಮಾತುಗಳನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಓದದೆಯೂ ಅಂಟಿಸಬಹುದು, ತೊಂದರೆ ಇರುವುದೇ ಅಲ್ಲಿ. ಹೊಗಳಲಿ, ತೆಗಳಲಿ, ಆ ಮಾತಿಗೆ ಆಧಾರವಾಗಿ ಪುಸ್ತಕದ ಒಂದು ಪುಟವನ್ನು ತೋರಿಸಲು ಬರಬೇಕು. ಬರೆಯಲು ಕುಳಿತ ಮೇಲೆ ಆ ಪುಟವನ್ನು ಹುಡುಕಹೊರಟರೆ ಅದು ಸಿಗುವುದಿಲ್ಲ. ಹಾಗಾಗಿ ವಿಮರ್ಶೆಯ ಅರ್ಧ ಕೆಲಸ ಓದುವಾಗಲೇ ಮುಗಿದಿರಬೇಕು.

ಓದುವಾಗ

ಎ4 ಹಾಳೆಯೊಂದನ್ನು ಎರಡು ಸಲ ಮಡಚಿ ಪುಸ್ತಕದೊಳಗೆ ಇಟ್ಟುಕೊಳ್ಳಿ. ಪುಟ ಗುರುತಿಗೂ ಅದೇ, ಟಿಪ್ಪಣಿಗೂ ಅದೇ. ಪ್ರತಿ ಟಿಪ್ಪಣಿಯಲ್ಲಿ ಪುಟಸಂಖ್ಯೆ, ಆ ಸಾಲಿನ ಮೊದಲ ಎರಡು ಮೂರು ಪದ, ನಿಮಗೆ ಅನ್ನಿಸಿದ್ದು, ಇಷ್ಟಿದ್ದರೆ ಸಾಕು. ಉದಾಹರಣೆಗೆ: ‘112 – ಬಾಗಿಲು ತೆಗೆದಾಗ… – ಇದು ಇವಳಿಗೆ ಮೊದಲೇ ಗೊತ್ತಿತ್ತಲ್ಲ?’ ಬರೀ ಅಡಿಗೆರೆ ಎಳೆದರೆ ವಾರದ ನಂತರ ಯಾಕೆ ಎಳೆದಿರಿ ಎಂಬುದೇ ಮರೆತಿರುತ್ತದೆ. ಇ-ಪುಸ್ತಕವಾದರೆ ಅಕ್ಷರದ ಗಾತ್ರ ಬದಲಾದಂತೆ ಪುಟದ ಲೆಕ್ಕವೂ ಬದಲಾಗಬಹುದು, ಅಧ್ಯಾಯದ ಸಂಖ್ಯೆಯನ್ನೂ ಬರೆದುಕೊಳ್ಳಿ.

250 ಪುಟದ ಪುಸ್ತಕಕ್ಕೆ 25–30 ಟಿಪ್ಪಣಿ ಧಾರಾಳವಾಯಿತು. ಎಂಬತ್ತು, ನೂರು ಆದರೆ ನೀವು ಪುಸ್ತಕವನ್ನು ನಕಲು ಮಾಡುತ್ತಿದ್ದೀರಿ ಎಂದರ್ಥ. ಸುಮಾರು 50 ಪುಟ ಆದಮೇಲೆ ಒಮ್ಮೆ ನಿಂತು, ‘ಇದು ಎಲ್ಲಿಗೆ ಹೋಗುತ್ತಿದೆ’ ಎಂಬ ನಿಮ್ಮ ಊಹೆಯನ್ನು ಒಂದೇ ಸಾಲಿನಲ್ಲಿ ಬರೆದಿಡಿ. ಊಹೆ ಸುಳ್ಳಾಯಿತೋ, ಒಳ್ಳೆಯದೇ. ಪುಸ್ತಕ ನಿಮ್ಮನ್ನು ಎಲ್ಲಿ ತಿರುಗಿಸಿತು, ಹೇಗೆ ತಿರುಗಿಸಿತು ಎಂಬುದೇ ಬರವಣಿಗೆಗೆ ಒಳ್ಳೆಯ ಸಾಮಗ್ರಿ.

ಮುನ್ನುಡಿ, ಬೆನ್ನುಡಿಗಳನ್ನು ಯಾವಾಗ ಓದಬೇಕು? ಕಥೆ, ಕಾದಂಬರಿಯಾದರೆ ಕೊನೆಗೆ. ಇಲ್ಲದಿದ್ದರೆ ಬೇರೆಯವರು ಮೆಚ್ಚಿದ್ದನ್ನೇ ನೀವೂ ಹುಡುಕುತ್ತಾ ಹೋಗುತ್ತೀರಿ. ಕಥೆಯಲ್ಲದ ಬರಹಕ್ಕೆ ಇದು ತಿರುವುಮುರುವು: ಪರಿವಿಡಿ, ಲೇಖಕರ ಮಾತು, ಪದಸೂಚಿ ಮೊದಲು. ಅಲ್ಲಿ ಕೊಟ್ಟ ಮಾತನ್ನು ಉಳಿದ ಪುಟಗಳು ಉಳಿಸಿಕೊಂಡವೇ ಎಂದು ಅಳೆಯಬೇಕಲ್ಲ.

ಓದಿ ಮುಗಿದ ಮೇಲೆ ಒಂದೆರಡು ದಿನ ಬಿಡಿ. ಆಮೇಲೆ ಪುಸ್ತಕವನ್ನಾಗಲಿ ಟಿಪ್ಪಣಿಯನ್ನಾಗಲಿ ಮುಟ್ಟದೆ, ನೆನಪಿನಲ್ಲಿ ಉಳಿದದ್ದನ್ನು ಹತ್ತು ನಿಮಿಷ ಬರೆಯಿರಿ. ಟಿಪ್ಪಣಿಯಲ್ಲಿ ‘ಅದ್ಭುತ’ ಎಂದಿದ್ದ ದೃಶ್ಯ ನೆನಪಿನಲ್ಲಿ ಸುಳಿಯದೇ ಹೋದರೆ, ಅದು ಆ ಹೊತ್ತಿನ ಚಮತ್ಕಾರವಷ್ಟೇ ಆಗಿತ್ತೇನೋ ಎಂದು ಮತ್ತೆ ತೆರೆದು ನೋಡಿ.

ಕಥೆ, ಕಾದಂಬರಿಗೆ ಕೇಳುವ ಪ್ರಶ್ನೆಗಳು

ಮೊದಲನೆಯದು: ಕಥೆ ಹೇಳುತ್ತಿರುವವರು ಯಾರು, ಅವರಿಗೆ ಎಷ್ಟು ಗೊತ್ತು? ಹೊಸ ವಿಮರ್ಶಕರು ಹೆಚ್ಚಾಗಿ ಎಡವುವುದು ಇಲ್ಲೇ. ಪಾತ್ರವೊಂದು ಆಡಿದ ಕಟು ಮಾತನ್ನು ‘ಲೇಖಕರ ಅಭಿಪ್ರಾಯ’ ಎಂದು ಬರೆದುಬಿಡುತ್ತಾರೆ. ನಂಬಲಾಗದ ನಿರೂಪಕ, ಅಂದರೆ ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪಲಾಗದ ಕಥೆಗಾರ ಪಾತ್ರ, ಎಂಬ ಪರಿಕಲ್ಪನೆಗೆ ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲೇ ಹೆಸರು ಕೊಟ್ಟಿದ್ದರು; ಆದರೂ ಈ ತಪ್ಪು ನಿಂತಿಲ್ಲ. ಪರೀಕ್ಷೆ ಸುಲಭ: ಆ ಮಾತನ್ನು ಪುಸ್ತಕದ ಬೇರೆ ಘಟನೆ, ಬೇರೆ ಪಾತ್ರ ಎಲ್ಲಾದರೂ ಸುಳ್ಳು ಮಾಡುತ್ತದೆಯೇ? ಮಾಡಿದ್ದರೆ ಅದನ್ನು ಲೇಖಕರ ತಲೆಗೆ ಕಟ್ಟಬೇಡಿ.

ಎರಡನೆಯದು ಕಾಲದ ಲೆಕ್ಕ. ಒಂದು ರಾತ್ರಿಗೆ 40 ಪುಟ, ಹತ್ತು ವರ್ಷಕ್ಕೆ ಒಂದೇ ಸಾಲು. ಕಾದಂಬರಿಯ ಭಾರ ಎಲ್ಲಿ ಬಿದ್ದಿದೆ ಎಂಬುದು ಹೀಗೆ ಪುಟ ಎಣಿಸಿದರೆ ಕಣ್ಣಿಗೆ ಬೀಳುತ್ತದೆ. ‘ಮಧ್ಯಭಾಗ ಎಳೆದಂತಿದೆ’ ಎನ್ನುವವರು ಎಷ್ಟನೇ ಅಧ್ಯಾಯದಿಂದ ಎಷ್ಟನೆಯದರವರೆಗೆ, ಅಲ್ಲಿ ಏನು ಮತ್ತೆ ಮತ್ತೆ ಬರುತ್ತಿದೆ ಎಂದು ಹೇಳಬೇಕು.

ಭಾಷೆಯ ಬಗ್ಗೆ ಬರೆಯುವಾಗ ವಿಶೇಷಣ ಬಿಟ್ಟು ವಾಕ್ಯವನ್ನೇ ನೋಡಿ. ಒಂದು ಕಲ್ಪಿತ ಕಾದಂಬರಿ ತೆಗೆದುಕೊಳ್ಳೋಣ. ಕರಡಿನಲ್ಲಿ ‘ಸಾವಿನ ದೃಶ್ಯ ಹೃದಯಸ್ಪರ್ಶಿಯಾಗಿದೆ’ ಎಂದಿದೆ. ತಿದ್ದಿದ ಮೇಲೆ: ‘ಅಲ್ಲಿಯವರೆಗೆ ಅರ್ಧ ಪುಟ ಹರಿಯುತ್ತಿದ್ದ ವಾಕ್ಯಗಳು ತಂದೆ ತೀರಿಕೊಂಡ ಅಧ್ಯಾಯದಲ್ಲಿ ಮೂರು ನಾಲ್ಕು ಪದಕ್ಕೆ ಇಳಿಯುತ್ತವೆ, ಮಗ ಅಳುವುದಿಲ್ಲ, ಔಷಧಿ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸುತ್ತಾನೆ.’ ಎರಡನೆಯದನ್ನು ಓದಿದವರಿಗೆ ಹೃದಯಸ್ಪರ್ಶಿ ಎಂದು ಬೇರೆ ಹೇಳಬೇಕಾಗಿಲ್ಲ.

ಕಥೆಯನ್ನು ಎಷ್ಟು ಬಿಟ್ಟುಕೊಡಬಹುದು? ಮೊದಲ ಕಾಲು ಭಾಗದ ಆಚೆಗಿನ ತಿರುವುಗಳನ್ನು ಮುಟ್ಟದಿದ್ದರೆ ಕ್ಷೇಮ. ಅಂತ್ಯವೇ ಸೋತಿದೆ ಎಂದು ವಾದಿಸಲೇಬೇಕಿದ್ದರೆ ಓದುಗರಿಗೆ ಮೊದಲೇ ಎಚ್ಚರಿಕೆ ಕೊಡಿ.

ಕಥೆಯಲ್ಲದ ಪುಸ್ತಕಕ್ಕೆ

ಪುಸ್ತಕದ ವಾದವನ್ನು 25 ಪದದೊಳಗೆ ಬರೆಯಿರಿ. ಆಗಲಿಲ್ಲವೇ? ಮೊದಲ ಮತ್ತು ಕೊನೆಯ ಅಧ್ಯಾಯ ಇನ್ನೊಮ್ಮೆ ಓದಿ. ಆಗಲೂ ಆಗದಿದ್ದರೆ ಪುಸ್ತಕಕ್ಕೆ ವಾದವೇ ಇಲ್ಲದಿರಬಹುದು, ಅದನ್ನೂ ಬರೆಯಬಹುದು.

ಇಡೀ ವಾದವನ್ನು ಹೊತ್ತ ಮೂರು ಹೇಳಿಕೆ ಆರಿಸಿ, ಅವುಗಳ ಅಡಿಟಿಪ್ಪಣಿಯ ಬೆನ್ನು ಹತ್ತಿ. ಮೂಲ ದಾಖಲೆಗೆ ತಲುಪುತ್ತೀರೋ, ಅಥವಾ ಇನ್ನೊಂದು ಪುಸ್ತಕಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆಯುತ್ತೀರೋ? ಅಂಕಿಗಳ ಹತ್ತಿರ ಇನ್ನೂ ನಿಧಾನ ಮಾಡಿ. ‘ಅಪಾಯ ಶೇ 50ರಷ್ಟು ಹೆಚ್ಚಿತು’ ಎಂದಿದ್ದಾಗ ಅದು ಲಕ್ಷಕ್ಕೆ 2 ಇದ್ದದ್ದು 3 ಆದದ್ದೂ ಇರಬಹುದು, ನೂರಕ್ಕೆ 20 ಇದ್ದದ್ದು 30 ಆದದ್ದೂ ಇರಬಹುದು. ಎರಡಕ್ಕೂ ಶೇಕಡಾವಾರು ಒಂದೇ, ಅರ್ಥ ಮಾತ್ರ ಅಜಗಜಾಂತರ. ಕಂಬಚಿತ್ರದ ಲಂಬ ಅಕ್ಷ ಸೊನ್ನೆಯಿಂದ ಶುರುವಾಗಿದೆಯೇ ಎಂದು ನೋಡಲು ಎರಡು ಸೆಕೆಂಡು ಸಾಕು; ಆಗಿಲ್ಲದಿದ್ದರೆ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಎದುರು ವಾದ ಮಾಡಿದವರ ಹೆಸರು ಪದಸೂಚಿಯಲ್ಲಿದೆಯೇ ಎಂಬುದನ್ನೂ ನೋಡಿ.

ಆತ್ಮಕಥೆಗೆ ಎರಡೂ ಬಗೆಯ ಪ್ರಶ್ನೆ ಬೇಕು: ಇಸವಿ, ಘಟನೆಗಳಿಗೆ ಸಾಕ್ಷ್ಯದ ಪ್ರಶ್ನೆ, ನೆನಪಿಗೆ ನಿರೂಪಕನ ಪ್ರಶ್ನೆ.

ಬರೆಯುವಾಗ

600 ಪದದ ವಿಮರ್ಶೆಯಲ್ಲಿ ಪುಸ್ತಕ ಏನು ಎಂಬುದಕ್ಕೆ 200 ಪದ ಮೀರಬಾರದು. ಉಳಿದದ್ದು ಮೌಲ್ಯಮಾಪನಕ್ಕೆ, ಎರಡು, ಹೆಚ್ಚೆಂದರೆ ಮೂರು ಅಂಶ, ಪ್ರತಿಯೊಂದಕ್ಕೂ ಪುಟದ ಆಧಾರ. ಎಲ್ಲವನ್ನೂ ಹೇಳಹೊರಟವರ ಬರಹ ಪರಿವಿಡಿಯಾಗುತ್ತದೆ. ಅಮೆರಿಕದ ಕಾದಂಬರಿಕಾರ ಜಾನ್ ಅಪ್‌ಡೈಕ್ 1975ರಲ್ಲಿ ಪ್ರಕಟಿಸಿದ ವಿಮರ್ಶೆಯ ನಿಯಮಗಳಲ್ಲಿ ಮೊದಲನೆಯದು ಈಗಲೂ ನಿಲ್ಲುತ್ತದೆ: ಲೇಖಕ ಮಾಡಹೊರಟದ್ದೇನು ಎಂದು ತಿಳಿದುಕೊಳ್ಳಿ, ಮಾಡಹೊರಡದೇ ಇದ್ದದ್ದಕ್ಕೆ ದೂರಬೇಡಿ. ಕೃತಿಯ ಗದ್ಯವನ್ನು ಸಾಕಷ್ಟು ಉದ್ಧರಿಸಿ ಎಂದೂ ಅವರು ಹೇಳಿದ್ದರು. ಓದುಗರು ನಿಮ್ಮ ಮಾತನ್ನು ನಂಬುವ ಬದಲು ತಾವೇ ರುಚಿ ನೋಡಲಿ.

ಅನುವಾದವಾದರೆ ಅನುವಾದಕರ ಹೆಸರು ಕಡ್ಡಾಯ, ಮೂಲದಿಂದ ನೇರ ಬಂದದ್ದೋ ಮತ್ತೊಂದು ಭಾಷೆಯ ಮೂಲಕವೋ ಎಂಬುದೂ ಬೇಕು. ಮೂಲ ಓದದೆ ‘ಮೂಲಕ್ಕೆ ನಿಷ್ಠವಾದ ಅನುವಾದ’ ಎಂದು ಪ್ರಮಾಣಪತ್ರ ಕೊಡುವ ಚಾಳಿಯಂತೂ ಬೇಡ. ಲೇಖಕರು ಸ್ನೇಹಿತರೋ ಬಂಧುಗಳೋ ಆಗಿದ್ದರೆ ಬರೆಯದಿರುವುದು ಲೇಸು. ಬರೆದರೆ ಸಂಬಂಧವನ್ನು ಹೇಳಿಯೇ ಬರೆಯಿರಿ.

ಕಳಿಸುವ ಮುನ್ನ ಉದ್ಧರಣೆಗಳನ್ನು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ಹೆಚ್ಚು ತಪ್ಪುವುದು ಪಾತ್ರಗಳ ಹೆಸರು, ಊರುಗಳ ಹೆಸರು, ಇಸವಿ. ಪ್ರಕಾಶಕರು, ಮುದ್ರಣದ ವರ್ಷ, ಪುಟಗಳ ಸಂಖ್ಯೆಯನ್ನು ಹೊದಿಕೆಯ ಬದಲು ಒಳಗಿನ ಹಕ್ಕುಪುಟದಿಂದ (ಕೃತಿಸ್ವಾಮ್ಯ, ಮುದ್ರಣದ ವಿವರ ಇರುವ ಪುಟ) ತೆಗೆದುಕೊಳ್ಳಿ, ಮರುಮುದ್ರಣವಾದರೆ ಮೊದಲ ಮುದ್ರಣದ ವರ್ಷವೂ ಅಲ್ಲೇ ಇರುತ್ತದೆ.